ಗಂಜಿ ಚಪ್ಪೆಯಾದ ವಾರ

ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಲೆಕ್ಕ ಕಲಿಸಿದವಳು ನಾನು. ಆ ಕೆಲಸ ಮನುಷ್ಯರಿಗೆ ಒಂದು ಕೆಟ್ಟ ಚಾಳಿ ಅಂಟಿಸುತ್ತದೆ. ಯಾವ ಲೆಕ್ಕವಾದರೂ ಸರಿ, ಅದರ ಉತ್ತರ ಪುಸ್ತಕದ ಕೊನೆಯ ಹಾಳೆಗಳಲ್ಲಿ ಅಚ್ಚಾಗಿ ಕೂತಿದೆ, ಅದು ನನಗೆ ಗೊತ್ತಿದೆ, ಎದುರಿಗಿರುವವರಿಗೆ ಗೊತ್ತಿಲ್ಲ ಎಂಬ ಭಾವನೆ. ಬ್ರಹ್ಮಾವರದ ತವರಿನಲ್ಲಿದ್ದಾಗಲೇ ನನ್ನ ಸ್ವಭಾವ ಸುಮಾರಾಗಿ ಹೀಗೇ ಇತ್ತು. ನಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂದು ಅಮ್ಮ ಬಂದವರೆದುರೆಲ್ಲ ಹೇಳುತ್ತಿದ್ದರು. ನೌಕರಿ ಸಿಕ್ಕಿದ ಮೇಲೆ ಆ ಮೊಲಕ್ಕೆ ಸರಕಾರವೇ ಸಂಬಳ ಕೊಟ್ಟು ಸಾಕಿತು. "ಬಹುಶಃ" ಎಂದು ಶುರುವಾಗುವ ಉತ್ತರಕ್ಕೆ ನಾನು ಅರ್ಧ ಅಂಕವನ್ನೂ ಕೊಟ್ಟವಳಲ್ಲ.

ಹಾಗಾಗಿ ಈಗ ಬರೆಯಹೊರಟಿರುವುದು ನನಗೆ ಅಷ್ಟೇನೂ ಸುಖದ ವಿಷಯವಲ್ಲ. ಇದು ಒಂದು ಬಾವಿಯ ನೀರು ಉಪ್ಪಾದ ಕತೆ. ಅದು ಏಕೆ ಉಪ್ಪಾಯಿತು ಎಂದು ಇಡೀ ಊರಿಗೆ ತಿಳಿಸಿಕೊಟ್ಟವಳು ನಾನು. ಪಂಚಾಯತಿಗೆ, ಕುಂದಾಪುರದ ಕಚೇರಿಗೆ, ಕೊನೆಗೆ ಬಸ್ಸಿನಲ್ಲಿ ಪಕ್ಕ ಕೂತವರಿಗೂ ತಿಳಿಸಿದ್ದೆ.

ಮದುವೆಯಾಗಿ ನಾನು ಬಂದದ್ದು ನಾವುಂದದ ಹತ್ತಿರದ ಒಂದು ಬಯಲಿಗೆ. ಪಶ್ಚಿಮಕ್ಕೆ ಸಮುದ್ರ. ಅದಕ್ಕೆ ಸೇರುವ ಹೊಳೆಯಲ್ಲಿ ದಿನಕ್ಕೆರಡು ಸಲ ಉಬ್ಬರದ ಉಪ್ಪುನೀರು ಮೇಲಕ್ಕೆ ಏರಿ ಬರುತ್ತದೆ. ಹೊಳೆಯ ಪಕ್ಕ ಗದ್ದೆಗಳು. ಗದ್ದೆಯ ಅಂಚಿಗೆ ನನ್ನ ಗಂಡನ ಅಕ್ಕನ ಮನೆ. ಅಲ್ಲಿಂದ ನಾಲ್ಕು ಮೆಟ್ಟಿಲಷ್ಟು ಎತ್ತರಕ್ಕೆ ನಮ್ಮ ಮನೆ, ನಮ್ಮ ಬೆನ್ನಿಗೆ ಗುಡ್ಡ. ಅಂದರೆ ಹೊಳೆಗೂ ನಮಗೂ ನಡುವೆ ಇರುವುದು ಅತ್ತಿಗೆ. ಕಣ್ಣು ಮುಚ್ಚಿ ಚಿತ್ರ ಬಿಡಿಸುವಷ್ಟು ಚೆನ್ನಾಗಿ ನನಗೆ ಈ ಜಾಗ ಗೊತ್ತಿತ್ತು.

ಉಪ್ಪುನೀರು ಮೇಲೆ ಬಾರದಂತೆ ತಡೆಯಲು ಹೊಳೆಗೊಂದು ಕಿಂಡಿ ಅಣೆಕಟ್ಟು ಇದೆ. ಮಳೆಗಾಲ ಕಳೆದು ನೀರಿನ ಸೆಳೆತ ಇಳಿದ ಮೇಲೆ ಅದರ ಕಂಬಗಳ ನಡುವಿನ ಕಿಂಡಿಗಳಿಗೆ ಎರಡು ಸಾಲು ಮರದ ಹಲಗೆ ಇಳಿಸಿ, ನಡುವೆ ಮಣ್ಣು ತುಂಬಿ ಮೆಟ್ಟುತ್ತಾರೆ. ಮತ್ತೆ ಮಳೆ ಹಿಡಿಯುವ ಮೊದಲು ತೆಗೆಯುತ್ತಾರೆ. ಬೇಸಿಗೆಯಲ್ಲಿ ನಮ್ಮ ಬಯಲಿನ ಬದುಕು ಆ ಹಲಗೆಗಳ ಮೇಲೆ ನಿಂತಿರುತ್ತದೆ.

ಅತ್ತಿಗೆ ನನಗಿಂತ ಹನ್ನೊಂದು ವರ್ಷ ದೊಡ್ಡವರು. ಮಗಳು, ಅಳಿಯ, ಇಬ್ಬರು ಮೊಮ್ಮಕ್ಕಳ ಜೊತೆ ಇದ್ದಾರೆ. ಬಾವಿಕಟ್ಟೆಯ ಪಕ್ಕ ಅವರದೊಂದು ಬಸಳೆ ಚಪ್ಪರ. ಅವರ ಬಸಳೆ ಬಂತಾ ಎಂದು ಕೇಳಿಕೊಂಡು ನಾವುಂದದ ಅಂಗಡಿಗೆ ಬರುವವರಿದ್ದಾರೆ. ನನ್ನನ್ನು ಈಗಲೂ ಸಲಿಗೆಯಿಂದ 'ಹೆಣೆ', ಅಂದರೆ ಹುಡುಗಿ, ಎಂದೇ ಕರೆಯುತ್ತಾರೆ. ಮಾತು ಬಹಳ ಕಡಿಮೆ. ಕಾಲುನೋವು ಹೇಗಿದೆ ಎಂದರೆ "ಅಡ್ಡಿಲ್ಲೆ". ಮೀನು ತಾಜಾ ಇತ್ತಾ ಎಂದರೆ "ಅಡ್ಡಿಲ್ಲೆ". ಮೊಮ್ಮಗಳು ತರಗತಿಗೆ ಮೊದಲು ಬಂದಾಗಲೂ "ಅಡ್ಡಿಲ್ಲೆ".

ಈ ಅಡ್ಡಿಲ್ಲೆ ಎಂಬುದು ನಮ್ಮ ಕುಂದಾಪುರ ಕಡೆಯ ಮಾತು. ಬ್ರಹ್ಮಾವರದಿಂದ ಶಿರೂರಿನವರೆಗೆ ಎಲ್ಲಿ ಹೋದರೂ ಕಿವಿಗೆ ಬೀಳುತ್ತದೆ. ಚೆನ್ನಾಗಿದೆ ಎಂದೂ ಆಗುತ್ತದೆ, ತೀರಾ ಕೆಟ್ಟದಾಗಿಲ್ಲ ಎಂದೂ ಆಗುತ್ತದೆ. ನನಗೆ ಒಪ್ಪಿಗೆ ಎಂದೂ ಆಗುತ್ತದೆ, ನನಗೆ ಮನಸ್ಸಿಲ್ಲ, ಆದರೆ ನಿಮಗೆ ಅಡ್ಡ ಬರುವುದಿಲ್ಲ ಎಂದೂ ಆಗುತ್ತದೆ. ಯಾವುದು ಯಾವಾಗ ಎಂಬುದು ಹೇಳುವವರ ಮುಖದಲ್ಲಿರುತ್ತದೆ, ಶಬ್ದದಲ್ಲಿರುವುದಿಲ್ಲ. ನಾನು ಮುಖ ನೋಡುವವಳಲ್ಲ.

ನಿವೃತ್ತಿಯಾದ ವರ್ಷ ನಾವೊಂದು ಹೊಸ ಬಾವಿ ತೋಡಿಸಿದೆವು. ನನ್ನ ಗಂಡ ಕೊಲ್ಲೂರಿನ ದಾರಿಯಲ್ಲಿ ಬಸ್ಸು ಓಡಿಸಿಕೊಂಡಿದ್ದವರು. ಸ್ಟಿಯರಿಂಗ್ ಬಿಟ್ಟ ಮೇಲೆ ಅವರಿಗೆ ಬೇಸಾಯದ ಹುಚ್ಚು ಹಿಡಿದಿತ್ತು. ಭತ್ತದ ಮೇಲೆ ಶೇಂಗಾ ಹಾಕಬೇಕು, ತೆಂಗಿಗೆ ಬೇಸಿಗೆಯಿಡೀ ನೀರು ಬಿಡಬೇಕು ಎಂಬ ಆಸೆ. ಹಳೆಯ ಬಾವಿ ಅದಕ್ಕೆ ಸಾಲದು. ಅಗಲವಾಗಿ, ಆಳವಾಗಿ ತೋಡಿಸಿ, ದೊಡ್ಡ ಮೋಟರು ಕೂರಿಸುವುದೆಂದು ನಾನೇ ತೀರ್ಮಾನ ಮಾಡಿದೆ. ತೋಡುವ ಮೊದಲು ಕ್ರಮದ ಪ್ರಕಾರ ಅತ್ತಿಗೆಯನ್ನು ಕೇಳಲು ಹೋದೆ. ಅವರು ಚಪ್ಪರದಡಿ ಬಸಳೆ ಕುಯ್ಯುತ್ತಿದ್ದರು.

"ಅತ್ತಿಗೆ, ಹೊಸ ಬಾವಿ ತೋಡ್ಸ್ತ್ರ್ ನಿಮ್ಮ ತಮ್ಮ. ನಿಮ್ಮ ಬಾವಿಗೆ ತೊಂದ್ರೆ ಆತಿಲ್ಲೆ ಅಲ್ದಾ?"

ಅವರು ಕುಯ್ದ ಬಳ್ಳಿಯನ್ನು ಕೈಯಲ್ಲೇ ಹಿಡಿದುಕೊಂಡು ನಮ್ಮ ಮನೆಯ ಕಡೆ ಒಮ್ಮೆ, ಹೊಳೆಯ ಕಡೆ ಒಮ್ಮೆ ನೋಡಿದರು. ಆಮೇಲೆ, "ಅಡ್ಡಿಲ್ಲೆ ಹೆಣೆ, ತೋಡ್ಸಿ. ನಿಮ್ಮ ಜಾಗ್ದಂಗೆ ನೀವ್ ತೋಡ್ಸುದಲ್ದಾ" ಎಂದರು.

ನಾನು ಮನೆಗೆ ಬಂದು ಗಂಡನಿಗೆ, ಅತ್ತಿಗೆ ಒಪ್ಪಿದರು ಎಂದೆ.

ತೋಡಿದ ಮಣ್ಣನ್ನು ಮನೆಯ ಹಿಂದೆ ಗುಡ್ಡದ ಬುಡದ ಹೊಂಡಕ್ಕೆ ತುಂಬಿಸಿದೆವು. ಬಾವಿಯಲ್ಲಿ ನೀರು ಚೆನ್ನಾಗಿ ಸಿಕ್ಕಿತು. ಕಲ್ಲುಸಕ್ಕರೆಯಂಥ ನೀರು. ಮೊದಲ ಕೊಡ ದೇವರಿಗೆ, ಎರಡನೆಯದು ಅತ್ತಿಗೆ ಮನೆಗೆ ಕಳಿಸಿದೆ. ಆ ಬೇಸಿಗೆಯಲ್ಲಿ ಶಿವರಾತ್ರಿ ಕಳೆದು ಸ್ವಲ್ಪ ದಿನಕ್ಕೆ ಅತ್ತಿಗೆ ಮನೆಯ ಚಾ ಒಡೆಯತೊಡಗಿತು. ಹಾಲು ಕೆಟ್ಟಿರಬೇಕು ಎಂದುಕೊಂಡರು. ಆಮೇಲೆ ಬೇಳೆ ಬೇಯಲಿಲ್ಲ, ಸಾಬೂನು ನೊರೆ ಬರಲಿಲ್ಲ. ಬಸಳೆಯ ಎಲೆಯ ಅಂಚು ಸುಟ್ಟ ಹಾಗೆ ಕಂದಾಯಿತು. ಅವರ ಬಾವಿಗೆ ಉಪ್ಪು ಬಂದಿತ್ತು. ಅತ್ತಿಗೆಯ ಗಂಡನ ಕಾಲದಲ್ಲಿ, ಅದಕ್ಕೂ ಮುಂಚೆ ಮಾವನವರ ಕಾಲದಲ್ಲಿ, ಎಂದೂ ಉಪ್ಪಾಗದ ಬಾವಿ ಅದು.

ನನಗೆ ಕಾರಣ ಕಂಡುಹಿಡಿಯಲು ಅರ್ಧ ದಿನವೂ ಬೇಕಾಗಲಿಲ್ಲ. ಕಿಂಡಿ ಅಣೆಕಟ್ಟಿಗೆ ಹೋಗಿ ನೋಡಿದೆ. ಹಲಗೆಗಳು ಗೆದ್ದಲು ತಿಂದು, ಎರಡರ ನಡುವೆ ಕೈಬೆರಳು ತೂರುವಷ್ಟು ಬಿರುಕು ಬಿಟ್ಟಿದ್ದವು, ಒಳಗಿನ ಮಣ್ಣು ತೊಳೆದುಹೋಗಿತ್ತು. ಉಬ್ಬರದ ಹೊತ್ತಿಗೆ ನೀರು ಚಿಳ್ಳನೆ ಒಳಗೆ ಚಿಮ್ಮುತ್ತಿತ್ತು. ಉಪ್ಪುನೀರು ಹೊಳೆಯಿಂದ ತೋಡಿಗೆ, ಅಂದರೆ ಗದ್ದೆ ನಡುವಿನ ಕಾಲುವೆಗೆ, ತೋಡಿನಿಂದ ಗದ್ದೆಗೆ, ಗದ್ದೆಯಿಂದ ಅತ್ತಿಗೆಯ ಬಾವಿಗೆ. ನಮ್ಮ ಬಾವಿ ಎತ್ತರದಲ್ಲಿದೆ, ಆದ್ದರಿಂದ ಸಿಹಿಯಾಗಿದೆ. ಲೆಕ್ಕ ಬಿಡಿಸಿ ಕೆಳಗೆ ಗೆರೆ ಎಳೆದಷ್ಟು ಸ್ಪಷ್ಟ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆಯನ್ನು ನಾನು ಮಕ್ಕಳಿಗೆ ಎಷ್ಟು ಸಲ ಹೇಳಿದ್ದೆನೋ. ಪ್ರಮಾಣಿಸಲೆಂದು ನೀರಿನ ಉಪ್ಪು ಅಳೆಯುವ, ಪೆನ್ನಿನಂಥ ಒಂದು ಮೀಟರನ್ನೂ ತರಿಸಿದೆ. ಅದನ್ನು ಅಣೆಕಟ್ಟಿನ ಆಚೆ ಅದ್ದಿದೆ, ಈಚೆ ಅದ್ದಿದೆ, ತೋಡಿನಲ್ಲಿ ಅದ್ದಿದೆ, ನಮ್ಮ ಬಾವಿಯಲ್ಲಿ ಅದ್ದಿದೆ. ಅತ್ತಿಗೆಯ ಬಾವಿಯಲ್ಲಿ ಅದ್ದಲಿಲ್ಲ. ಅದು ಉಪ್ಪೆಂದು ಗೊತ್ತೇ ಇದೆಯಲ್ಲ, ಮತ್ತೆ ಅಳೆಯುವುದೇನು ಎಂದುಕೊಂಡೆ.

ಈಗ ಯೋಚಿಸಿದರೆ ನಾಚಿಕೆಯಾಗುತ್ತದೆ. ಸಿಕ್ಕಿದ ಸಂಗತಿಗಳೆಲ್ಲ ನನ್ನ ಉತ್ತರಕ್ಕೆ ಸರಿಹೊಂದುತ್ತಿದ್ದವು ಎಂಬುದು ನಿಜ. ಆದರೆ ಅದೇ ಸಂಗತಿಗಳು ಇನ್ನೊಂದು ಉತ್ತರಕ್ಕೂ ಸರಿಹೊಂದುತ್ತಿದ್ದವು. ಆ ಇನ್ನೊಂದು ಉತ್ತರ ಇರಬಹುದು ಎಂದು ಹೊಳೆಯಲು ತಲೆಯಲ್ಲಿ ಸ್ವಲ್ಪ ಖಾಲಿ ಜಾಗ ಬೇಕು. ನನ್ನ ತಲೆ ಜಾತ್ರೆ ಬಸ್ಸಿನ ಹಾಗೆ ತುಂಬಿಕೊಂಡಿತ್ತು.

ಅರ್ಜಿಗಳು ಹೋದವು. ನಾನೇ ಬರೆದೆ. ಅರ್ಜಿ ಬರೆಯುವ ಕಷ್ಟ ಬಲ್ಲವರು ಒಂದು ಮಾತು ಒಪ್ಪುತ್ತಾರೆ: ಅನುಮಾನದಿಂದ ಅರ್ಜಿ ಬರೆಯಲಿಕ್ಕಾಗುವುದಿಲ್ಲ. "ಹಲಗೆಗಳು ಸೋರುತ್ತಿರುವುದು ಒಂದು ಕಾರಣ ಇರಲೂಬಹುದು" ಎಂದು ಬರೆದರೆ ಅದು ಮೇಜಿನಿಂದ ಮೇಜಿಗೂ ಹೋಗುವುದಿಲ್ಲ. "ಹಲಗೆಗಳು ಸೋರುತ್ತಿರುವುದರಿಂದ ಕುಡಿಯುವ ನೀರು ಹಾಳಾಗಿದೆ" ಎಂದು ಬರೆಯಬೇಕು, ಕೆಳಗೆ ನಲವತ್ತು ಜನರ ಸಹಿ ಹಾಕಿಸಬೇಕು. ಎರಡನೆಯ ಬೇಸಿಗೆಯೂ ಅತ್ತಿಗೆಯ ಬಾವಿ ಉಪ್ಪಾದ ಮೇಲೆ, ಒಬ್ಬ ಎಂಜಿನಿಯರು ನೋಡಲು ಬಂದರು. ಬಯಲುಸೀಮೆಯ ಕಡೆಯ ಸಭ್ಯ ಹುಡುಗ. ಅಣೆಕಟ್ಟಿನ ಹತ್ತಿರ ನಿಂತಿದ್ದ ನಮ್ಮ ಊರಿನವರನ್ನು, ಹಲಗೆಗಳು ಹೇಗಿವೆ ಎಂದು ಕೇಳಿದರು. ನಮ್ಮವರು ಒಬ್ಬರ ಮುಖ ಒಬ್ಬರು ನೋಡಿಕೊಂಡು, "ಅಡ್ಡಿಲ್ಲೆ" ಎಂದರು. ಎಂಜಿನಿಯರು ಕಾಗದದಲ್ಲಿ ಅಣೆಕಟ್ಟಿಗೆ ಯಾವ ಅಡ್ಡಿಯೂ ಇಲ್ಲ ಎಂದು ಬರೆದುಕೊಂಡರು.

ನನಗೆ ಎಲ್ಲಿಲ್ಲದ ಕೋಪ ಬಂತು. ಅಡ್ಡಿಲ್ಲೆ ಎಂದರೆ ಸರಿಯಿದೆ ಎಂದಲ್ಲ ಸಾರ್, ನಿಮ್ಮ ಮರ್ಯಾದೆಗೆ ಹೇಳಿದ್ದು ಎಂದು ಅಲ್ಲೇ ಪಾಠ ಮಾಡಿದೆ. ಆ ಪಾಪದವರು ಬರೆದದ್ದನ್ನು ಹೊಡೆದುಹಾಕಿದರು. ಮರುವಾರ ಪಂಚಾಯತಿ ಸಭೆ. ಜನ ತುಂಬಿದ್ದರು. ನಾನು ಕರಿಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಹೊಳೆ, ತೋಡು, ಗದ್ದೆ, ಬಾವಿ ಬರೆದು, ಬಾಣದ ಗುರುತು ಹಾಕಿ, ಮುಕ್ಕಾಲು ಗಂಟೆ ಮಾತಾಡಿದೆ. ನಿವೃತ್ತಿಯಾದ ಮೇಲೆ ಅಷ್ಟು ಖುಷಿಯಾಗಿ ಪಾಠ ಮಾಡಿದ್ದು ಅದೇ ಮೊದಲು. ಯಾರೂ ಒಂದು ಎದುರುಮಾತು ಆಡಲಿಲ್ಲ. ಆ ದೀಪಾವಳಿಗೆ ಹಳೆಯ ಹಲಗೆ ಹೋಗಿ ಹೊಸ ಫೈಬರ್ ಹಲಗೆ ಬಂದವು, ಬಿಗಿಯಾಗಿ ಕೂತವು. ಊರಿನವರು ನನಗೆ ಶಾಲು ಹೊದೆಸಿ, ಹಣ್ಣಿನ ತಟ್ಟೆ ಕೊಟ್ಟರು.

ಹಲಗೆಯಿಂದ ಉಪಕಾರ ಆಗಲಿಲ್ಲ ಎಂದು ನಾನು ಹೇಳುತ್ತಿಲ್ಲ. ಹೊಳೆಯ ಆ ಮಗ್ಗುಲಿನ ಗದ್ದೆಗಳಲ್ಲಿ ಎರಡನೆಯ ಬೆಳೆ ಉಪ್ಪಿಗೆ ಸುಡುವುದು ನಿಂತಿತು. ಅವರು ಈಗಲೂ ದಾರಿಯಲ್ಲಿ ಸಿಕ್ಕಿದರೆ ಟೀಚರಿಂದ ಆದದ್ದು ಎಂದು ಕೈಮುಗಿಯುತ್ತಾರೆ. ನನ್ನಲ್ಲಿ ಆ ಖಾತ್ರಿ ಇಲ್ಲದಿದ್ದರೆ ಆ ಹಲಗೆ ಬರುತ್ತಿರಲಿಲ್ಲ, ಇದನ್ನು ನಾನು ಇಂದಿಗೂ ಖಾತ್ರಿಯಿಂದ ಹೇಳುತ್ತೇನೆ. ಒಂದು ಸಮಸ್ಯೆ ಬಗೆಹರಿಯಿತು. ಅದು ಅತ್ತಿಗೆಯ ಸಮಸ್ಯೆ ಆಗಿರಲಿಲ್ಲ, ಅಷ್ಟೆ.

ಮೂರನೆಯ ಬೇಸಿಗೆ ಅವರ ಚಾ ಮತ್ತೆ ಒಡೆಯಿತು. ಮೊದಲ ಎರಡು ವರ್ಷಕ್ಕಿಂತ ಬೇಗ ಒಡೆಯಿತು. ಬಸಳೆ ಚಪ್ಪರ ಅರ್ಧಕ್ಕೆ ಬಂದಿತ್ತು. ಮೊಮ್ಮಕ್ಕಳಿಗೆ ಕುಡಿಯಲು ಅಳಿಯ ಸ್ಕೂಟರಿನಲ್ಲಿ ಕ್ಯಾನು ಇಟ್ಟುಕೊಂಡು ಎಲ್ಲೆಲ್ಲಿಂದಲೋ ನೀರು ತರುತ್ತಿದ್ದ. ನಮ್ಮಲ್ಲಿಂದ ತೆಗೆದುಕೊಂಡು ಹೋಗಿ ಎಂದರೆ ಒಂದೆರಡು ದಿನ ಒಯ್ದು ಬಿಟ್ಟುಬಿಡುತ್ತಿದ್ದ, ದಿನಾ ಬೇರೆಯವರ ಬಾವಿಗೆ ಹಗ್ಗ ಇಳಿಸುವುದು ಯಾರಿಗೂ ಹಿತವಲ್ಲ. ಅತ್ತಿಗೆ ಮಾತ್ರ ತಮ್ಮ ಬಾವಿಯದ್ದನ್ನೇ ಕುಡಿಯುತ್ತಿದ್ದರು. ನನ್ನ ಬಾವಿ ನೀರನ್ನು ನಾನು ಬಿಡುವುದು ಹೇಗೆ ಎನ್ನುತ್ತಿದ್ದರು. ಹಲಗೆ ಇಳಿಸಿದವರು ತಡಮಾಡಿದರು, ತಳದ ರಬ್ಬರು ಕೂತಿಲ್ಲ ಎಂದು ನಾನು ಹೊಸ ಅರ್ಜಿಗೆ ಕೂತೆ. ಉತ್ತರ ತಪ್ಪಿರಬಹುದು ಎಂದು ಆಗಲೂ ಅನ್ನಿಸಲಿಲ್ಲ, ಹಂತದಲ್ಲೇನೋ ತಪ್ಪಾಗಿದೆ ಎಂದೇ ಅನ್ನಿಸಿತು.

ಅಷ್ಟರಲ್ಲಿ ನಮ್ಮ ಪಂಪಿನ ಮೋಟರು ಸುಟ್ಟುಹೋಯಿತು. ರಿವೈಂಡಿಂಗಿಗೆ ಬೈಂದೂರಿಗೆ ಕೊಟ್ಟರೆ, ಇವತ್ತು ನಾಳೆ ಎನ್ನುತ್ತ ಹನ್ನೆರಡು ದಿನ ಮಾಡಿದರು. ನನ್ನ ಗಂಡ ದಿನಾ ಶೇಂಗಾ ಗದ್ದೆಯ ಅಂಚಿನಲ್ಲಿ ನಿಂತು ಎಲೆ ಬಾಡಿತಾ ಎಂದು ನೋಡುತ್ತಿದ್ದರು. ಹತ್ತನೆಯ ದಿನವೋ ಹನ್ನೊಂದನೆಯ ದಿನವೋ, ನಾನು ಬೆಳಿಗ್ಗೆ ಅತ್ತಿಗೆಯ ಮನೆಗೆ ಹೋದೆ. ಅವರು ಜಗಲಿಯಲ್ಲಿ ಕುಚ್ಚಲಕ್ಕಿ ಗಂಜಿ ಉಣ್ಣುತ್ತಿದ್ದರು. ಪಕ್ಕದಲ್ಲಿ ಮಾವಿನಮಿಡಿ ಉಪ್ಪಿನಕಾಯಿ, ಒಂದು ಚಿಪ್ಪಿನಲ್ಲಿ ಉಪ್ಪು.

"ಎಂತದೋ ಹೆಣೆ, ಈ ವಾರ ಗಂಜಿ ಚಪ್ಪಿ ಚಪ್ಪಿ" ಎಂದರು. "ಎರ್ಡ್ ಬ್ಯಾಸ್ಗಿ ಆದ್ಮೇಲೆ ಗಂಜಿಗೆ ಉಪ್ಪ್ ಹಾಕಂಡ್ ಉಂಬುದ್ ಕಾಣ್."

ನೀರೇ ಉಪ್ಪಾಗಿದ್ದರಿಂದ ಬೇಸಿಗೆಯಲ್ಲಿ ಅವರು ಗಂಜಿಗೆ ಉಪ್ಪು ಹಾಕುವುದನ್ನೇ ಬಿಟ್ಟಿದ್ದರು. ಅದು ಕೂಡ ನನಗೆ ಗೊತ್ತಿರಲಿಲ್ಲ. ನಾನು ನಕ್ಕೆ, ಹೊಸ ಹಲಗೆ ಕೊನೆಗೂ ಕೆಲಸ ಮಾಡಿತು ನೋಡಿ ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ತಿಂಗಳುಗಳ ಲೆಕ್ಕ ತಲೆಗೆ ಬಂತು. ಹಲಗೆ ಹಾಕಿ ನಾಲ್ಕು ತಿಂಗಳಾಗಿತ್ತು. ಈ ವಾರ ಹೊಸದಾಗಿ ಆದದ್ದು ಒಂದೇ: ನಮ್ಮ ಮೋಟರು ಓಡುತ್ತಿರಲಿಲ್ಲ.

ಮೆಟ್ಟಿಲು ಹತ್ತಿ ಮನೆಗೆ ಬಂದೆ. ಮಕ್ಕಳಿಗೆ ಬರೆದುಕೊಟ್ಟ ಹಾಗೆ ಒಂದು ಕಾಗದದಲ್ಲಿ ಬರೆದೆ. ಹೊಳೆ, ಅತ್ತಿಗೆಯ ಬಾವಿ, ನಮ್ಮ ಬಾವಿ, ಮೂರೂ ಒಂದೇ ಗೆರೆಯಲ್ಲಿ. ನಮ್ಮ ದೊಡ್ಡ ಮೋಟರು ದಿನಕ್ಕೆ ಆರು ಗಂಟೆ ನೀರೆಳೆದರೆ ನೆಲದೊಳಗಿನ ನೀರು ನಮ್ಮ ಕಡೆಗೆ ಓಡಿ ಬರಬೇಕು. ಗುಡ್ಡದ ಕಡೆಯಿಂದ ಬರುವಷ್ಟು ಬಂದು, ಸಾಲದ್ದು ಹೊಳೆಯ ಕಡೆಯಿಂದ ಬರುತ್ತದೆ. ಹೊಳೆಯಿಂದ ಬರುವ ಉಪ್ಪುನೀರಿಗೆ ದಾರಿಯಲ್ಲಿ ಮೊದಲು ಸಿಗುವುದು ಅತ್ತಿಗೆಯ ಬಾವಿ. ಅದು ಉಪ್ಪಾಗುತ್ತದೆ, ಅದಕ್ಕಿಂತ ಆಚೆಗಿರುವ ನಮ್ಮದು ಸಿಹಿಯಾಗಿಯೇ ಉಳಿಯುತ್ತದೆ. ನಮ್ಮ ಬಾವಿಯ ಸಿಹಿಯನ್ನು ನಾನು ಮೂರು ಬೇಸಿಗೆ ನನ್ನ ವಾದಕ್ಕೆ ಪುರಾವೆಯಾಗಿ ಇಟ್ಟುಕೊಂಡಿದ್ದೆ. ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಬೇರೆಯವರ ಎಲೆಯ ನೊಣ ಹುಡುಕಿದರು ಎನ್ನುತ್ತಾರಲ್ಲ, ನಾನು ಊರಿನವರನ್ನೆಲ್ಲ ಕೂಡಿಸಿಕೊಂಡು ಆ ನೊಣ ಹೊಡೆದಿದ್ದೆ.

ಆದರೆ ಅದೂ ಈಗ ಒಂದು ಉತ್ತರ ಅಷ್ಟೆ. ಮೊದಲಿನದ್ದೂ ಇಷ್ಟೇ ಸ್ಪಷ್ಟವಾಗಿ ಕಂಡಿತ್ತು. ಜೀವನದಲ್ಲಿ ಮೊದಲ ಸಲ ನನ್ನ ಸರಿಯುತ್ತರದ ಮೇಲೆ ನನಗೇ ನಂಬಿಕೆ ಇರಲಿಲ್ಲ. ಮೋಟರು ಬಂದ ಮೇಲೆ ಯಾರಿಗೂ ಹೇಳದೆ ಪರೀಕ್ಷೆ ಶುರುಮಾಡಿದೆ. ನಾಲ್ಕು ದಿನ ಪಂಪು ಬಿಡುವುದು, ನಾಲ್ಕು ದಿನ ಏನಾದರೂ ನೆವ ಹೇಳಿ ನಿಲ್ಲಿಸುವುದು. ದಿನಾ ಬಸಳೆ ಕೇಳುವ ನೆವದಲ್ಲಿ ಅತ್ತಿಗೆಯ ಬಾವಿಕಟ್ಟೆಗೆ ಹೋಗಿ, ಅವರು ಒಳಗೆ ಹೋದಾಗ ಕೊಡಪಾನದಲ್ಲಿ ಮೀಟರು ಅದ್ದುವುದು. ಆ ಒಂದು ತಿಂಗಳು ನಮ್ಮ ಮನೆಯಲ್ಲಿ ಬಸಳೆ ಹುಳಿ, ಬಸಳೆ ಪಲ್ಯ, ಮತ್ತೆ ಬಸಳೆ ಹುಳಿ. ಪಂಪು ಬಿಟ್ಟ ದಿನ ಉಪ್ಪು ಏರಿತು, ನಿಲ್ಲಿಸಿದ ಎರಡನೆಯ ದಿನದಿಂದ ಇಳಿಯಿತು. ಎರಡನೆಯ ಸುತ್ತಿನಲ್ಲಿ ನಿಲ್ಲಿಸಿದ ದಿನಗಳಿಗೆ ಸರಿಯಾಗಿ ಅಮಾವಾಸ್ಯೆ ಬಿತ್ತು. ಅಮಾವಾಸ್ಯೆಗೆ ಉಬ್ಬರ ಜಾಸ್ತಿ. ಉಪ್ಪು ಇಳಿಯಲೇ ಇಲ್ಲ. ಮೂರನೆಯ ಸುತ್ತಿನಲ್ಲಿ ಮತ್ತೆ ಇಳಿಯಿತು. ಇದಕ್ಕೆ ಎಷ್ಟು ಅಂಕ ಕೊಡಬೇಕು? ನಾನು ಟೀಚರಾಗಿದ್ದಾಗ ಇಂಥ ಉತ್ತರಕ್ಕೆ ಸೊನ್ನೆ ಕೊಡುತ್ತಿದ್ದೆ.

ಗಂಡನಿಗೆ ಹೇಳಿದೆ. ಅವರು ಕೇಳಿಸಿಕೊಂಡು ಹೆಗಲ ಬೈರಾಸಿನಿಂದ ಮುಖ ಒರೆಸಿಕೊಂಡರು.

"ಹ್ವಾಯ್, ನಿಂಗೆ ಖಾತ್ರಿ ಇತ್ತಾ?"

"ಖಾತ್ರಿ ಇಲ್ಲೆ. ಅನ್ಮಾನ ಇತ್ತ್."

"ಅನ್ಮಾನಕ್ಕೆ ಶೇಂಗಾ ಒಣ್ಗ್ಸುದಾ? ಒಂದ್ ವರ್ಷ ಕಾಂಬ. ಖಾತ್ರಿ ಆದ್ಮೇಲೆ ನಿಲ್ಸುವ."

ಅವರ ಮೇಲೆ ಸಿಟ್ಟು ಮಾಡುವ ಹಾಗಿರಲಿಲ್ಲ, ಆ ಪಾಠ ಕಲಿಸಿದ್ದು ನಾನೇ. ಮಾತೂ ಕೇಳಲು ನ್ಯಾಯವಾಗಿಯೇ ಇತ್ತು. ಅವರು ಅಕ್ಕನ ಮೇಲೆ ಪ್ರೀತಿ ಇಲ್ಲದವರಲ್ಲ. ಪ್ರತಿ ಸಲ ಪೇಟೆಯಿಂದ ಬರುವಾಗ ಅವರಿಗೆ ಎಲೆಯಡಿಕೆ ತಂದೇ ತರುತ್ತಾರೆ. ಆದರೆ ಆ ಮಾತು ನನ್ನ ಮನಸ್ಸಿನಲ್ಲಿ ಮುಳ್ಳಿನ ಹಾಗೆ ಕೂತಿತು. ಖಾತ್ರಿ ಆಗುವ ತನಕ ಕಾಯೋಣ ಎಂದು ಹೇಳುವವರು ನಾವು. ಕಾಯುವಾಗ ಉಪ್ಪು ನೀರು ಕುಡಿಯುವವರು ಬೇರೆಯವರು. ಹಲಗೆಯ ವಿಷಯದಲ್ಲಿ ನನಗೆ ಖಾತ್ರಿ ಬರಲು ಅರ್ಧ ದಿನ ಸಾಕಾಗಿತ್ತು, ತಪ್ಪು ಸರಕಾರದ್ದಾಗಿತ್ತಲ್ಲ. ತಪ್ಪು ನಮ್ಮದಿರಬಹುದು ಎಂದ ಕೂಡಲೇ ಒಂದು ವರ್ಷವೂ ಸಾಲದು ಅನ್ನಿಸುತ್ತಿದೆ. ಹಾಗಾದರೆ ಖಾತ್ರಿ ಎಂಬುದು ತಿಳಿವಳಿಕೆಯಿಂದ ಬರುವುದೋ, ಅನುಕೂಲದಿಂದ ಬರುವುದೋ? ಮೂವತ್ತೊಂದು ವರ್ಷ ನಾನು ಸುತ್ತಿಕೊಂಡಿದ್ದ ಖಾತ್ರಿಯಲ್ಲಿ ಎಷ್ಟು ಪಾಲು ಯಾವುದರಿಂದ ಬಂದದ್ದು ಎಂದು ಈಗ ವಿಂಗಡಿಸಲು ನನಗೆ ಧೈರ್ಯವಿಲ್ಲ.

ಮರುದಿನ ಬೆಳಿಗ್ಗೆ ಪಂಪಿನ ಫ್ಯೂಸು ಕಿತ್ತು ಸೆರಗಿಗೆ ಕಟ್ಟಿಕೊಂಡು ಕೆಳಗೆ ಹೋದೆ. ಗಂಡ ನೋಡಿದರು, ಬೈರಾಸು ಕೊಡವಿ ಶೇಂಗಾ ಗದ್ದೆಯ ಕಡೆ ಹೋದರು. ಅತ್ತಿಗೆ ಬಾವಿಕಟ್ಟೆಯ ಮೇಲೆ ಕೂತು ಕೊಡಪಾನ ತಿಕ್ಕುತ್ತಿದ್ದರು. ನಾನು ನಿಂತೇ ಹೇಳಿದೆ.

"ಅತ್ತಿಗೆ, ನಿಮ್ಮ ಬಾವಿ ಉಪ್ಪಾದ್ದ್ ಹಲ್ಗಿಯಿಂದ ಅಲ್ಲ ಕಾಣತ್. ನಮ್ಮ ಪಂಪಿಂದ. ಪೂರ್ತಿ ಖಾತ್ರಿ ಇಲ್ಲೆ. ಆದ್ರೆ ಹಾಂಗೇ ಕಾಣತ್."

ಅವರು ಕೊಡಪಾನ ತಿಕ್ಕುವುದನ್ನು ನಿಲ್ಲಿಸಲಿಲ್ಲ.

"ನಂಗೂ ಹಾಂಗೇ ಕಂಡಿತ್ತ್" ಎಂದರು.

"ಯಾವಾಗ?"

"ಸುರೂ ಬ್ಯಾಸ್ಗಿಯಂಗೇ. ನಿಮ್ಮ ಪಂಪಿನ್ ಶಬ್ದ ಸುರು ಆಯಿ ಒಂದ್ ಗಳ್ಗಿಗೆ ನಮ್ಮ ಬಾವಿ ನೀರ್ ಒಂದ್ ಮೊಳ ಕೆಳ್ಗ್ ಹೋತಿದ್ದಿತ್. ಹಗ್ಗ ಸಾಕಾತಿರ್ಲಿಲ್ಲೆ."

ಮೀಟರು ಬೇಡ, ಸುತ್ತು ಬೇಡ, ಅಮಾವಾಸ್ಯೆ ಬೇಡ. ಒಂದು ಹಗ್ಗದಲ್ಲಿ ಅವರು ಅಳೆದು ಮುಗಿಸಿದ್ದರು.

"ನೀವ್ ಹೇಳುಕಾಗಿತ್ತಲೆ ಅತ್ತಿಗೆ!" ಎಂದೆ. ನಾಚಿಕೆಗೆ ದನಿ ಜೋರಾಯಿತು, ಅವರನ್ನೇ ಗದರಿದ ಹಾಗೆ ಕೇಳಿಸಿತು.

"ನಂಗ್ ಖಾತ್ರಿ ಇರ್ಲಿಲ್ಲೆ ಹೆಣೆ. ನೀನ್ ಲೆಕ್ಕ ಕಲ್ತವ್ಳ್. ನಿಂಗೆ ಅಷ್ಟ್ ಖಾತ್ರಿ ಇದ್ಮೇಲೆ ನನ್ನ ಅನ್ಮಾನವೇ ತಪ್ಪಿರ್ಕ್ ಅಂದ್ಕಂಡೆ." ಕೊಡಪಾನವನ್ನು ಇನ್ನೊಂದು ಮಗ್ಗುಲಿಗೆ ತಿರುಗಿಸಿಕೊಂಡು, "ಪಂಚಾಯ್ತಿ ಮೀಟಿಂಗಂಗೆ ಒಂದ್ಸಲ ಹೇಳುವ ಅಂದೇಳಿ ಎದ್ದಿದ್ದೆ. 'ಅತ್ತಿಗೆ, ನೀವ್ ಕೂಕಣಿ, ನಾನ್ ಹೇಳ್ತೆ' ಅಂದೆ ನೀನ್. ಕೂಕಂಡೆ" ಎಂದರು.

ನನಗೆ ಅದು ನೆನಪೇ ಇಲ್ಲ. ಆ ದಿನದ ಸೀಮೆಸುಣ್ಣದ ಬಾಣಗಳು ನೆನಪಿವೆ, ಮುಂದಿನ ಸಾಲಿನಲ್ಲಿ ಕೂತವರು ತಲೆಯಾಡಿಸಿದ್ದು ನೆನಪಿದೆ, ಜನ ಚಪ್ಪಾಳೆ ತಟ್ಟಿದ್ದು ನೆನಪಿದೆ. ಯಾರೂ ಎದುರುಮಾತು ಆಡಲಿಲ್ಲ ಎಂದು ನಾನು ಎಲ್ಲರ ಹತ್ತಿರ ಹೇಳಿಕೊಂಡು ಬಂದಿದ್ದೆ. ನನಗಿಂತ ಹನ್ನೊಂದು ವರ್ಷ ದೊಡ್ಡವರು, ಸಭೆಯಲ್ಲಿ ಹುಟ್ಟಿನಿಂದ ಒಂದು ಮಾತಾಡದವರು, ತಮ್ಮ ಬಾವಿಯ ವಿಷಯ ಹೇಳಲು ಎದ್ದು ನಿಂತದ್ದು ನೆನಪಿಲ್ಲ.

ಅವರ ಎದುರಿಗೆ ಬಾವಿಕಟ್ಟೆಯ ಕಲ್ಲಿನ ಮೇಲೆ ಕೂತೆ.

"ಈಗ ಹೇಳಿ ಅತ್ತಿಗೆ. ಅವತ್ತ್ ಹೇಳುಕ್ ಹೊರ್ಟದ್ದನ್ನ ಹೇಳಿ."

"ಈಗೆಂತಕೆ? ನಿಂಗೇ ಗೊತ್ತಾಯ್ತಲೆ."

"ಆದ್ರೂ ಹೇಳಿ."

ಅವರು ಕೊಡಪಾನ ಬೋರಲು ಹಾಕಿದರು. ಸೆರಗಿಗೆ ಕೈ ಒರೆಸಿಕೊಂಡರು. ನಮ್ಮ ಮನೆಯ ಹಿಂದಿನ ಗುಡ್ಡದ ಬುಡವನ್ನು ಗಲ್ಲ ಎತ್ತಿ ತೋರಿಸಿದರು.

"ಅಲ್ಲೊಂದ್ ಮದಗ ಇದ್ದಿತಲೆ? ಅದ್ರಂಗೆ ಗುಡ್ಡಿ ಮಳಿ ನೀರ್ ನಿಂತ್ಕಂತಿದ್ದಿತ್. ಮದಗ್ದಂಗೆ ನೀರ್ ಇಪ್ಪತನಕ ಕೆಳ್ಗಿನ್ ಬಾವಿ ಸೀ ಇರತ್ ಅಂದೇಳಿ ಅಪ್ಪಯ್ಯ ಹೇಳ್ತಿದ್ರ್. ನೀವ್ ಹೊಸ ಬಾವಿ ತೋಡ್ದ ಮಣ್ಣೆಲ್ಲ ಅದ್ಕೇ ಹಾಕಿ ಮಟ್ಟ ಮಾಡ್ದ್ರಿ. ಪಂಪ್ ಬಿಡ್ಲಿ, ಶೇಂಗಾ ಮಾಡ್ಲಿ, ತಮ್ಮನ್ ಆಸಿ ಅದ್. ಆ ಮದಗದ್ ಮಣ್ಣ್ ಮಾತ್ರ ತೆಗ್ಸಿ ಕಾಂಬ ಅಂತ ಹೇಳುಕ್ ಎದ್ದದ್ದ್ ನಾನ್."

"ತೆಗ್ಸ್ರೆ ಸಮ ಆತ್ತಾ?" ಎಂದು ಕೇಳಿದೆ. ಹಳೆಯ ಚಾಳಿ, ಆಗಲೂ ಬಿಡಲಿಲ್ಲ.

"ಆತ್ತೋ ಇಲ್ಯೋ, ನಂಗೆಂತ ಗೊತ್ತ್ ಮಾರಾಯ್ತಿ? ಮಾಡಿ ಕಾಂಬ."

ಮಳೆ ಹಿಡಿಯುವ ಮೊದಲು ಮದಗದ ಮಣ್ಣು ತೆಗೆಸಿದೆವು. ಈ ಮಳೆಗೆ ಅದು ದಂಡೆಯ ತನಕ ತುಂಬಿದೆ. ಪಂಪನ್ನು ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಬಿಡುವುದಿಲ್ಲ ಎಂದು ನನ್ನ ಗಂಡನೇ ಹೇಳಿದ್ದಾರೆ. ಬರುವ ಶಿವರಾತ್ರಿಯ ಹೊತ್ತಿಗೆ ಅತ್ತಿಗೆಯ ಬಾವಿ ಹೇಗಿರುತ್ತದೋ ನನಗೆ ಗೊತ್ತಿಲ್ಲ, ಅವರಿಗೂ ಗೊತ್ತಿಲ್ಲ. ಗೊತ್ತಿರುವುದು ಇಷ್ಟೆ. ಅವರು ಹೇಳಬೇಕೆಂದಿದ್ದ ಆ ಮಾತನ್ನು ಹೇಳಿ ಮುಗಿಸಲು ಎರಡು ನಿಮಿಷವೂ ಬೇಕಾಗಲಿಲ್ಲ. ಅದನ್ನು ಕೇಳಿಸಿಕೊಳ್ಳಲು ನಾನು ಮೂರು ಬೇಸಿಗೆ ತೆಗೆದುಕೊಂಡೆ, ಆ ಮೂರು ಬೇಸಿಗೆಯೂ ಉಪ್ಪುನೀರು ಕುಡಿದದ್ದು ಅವರು.